ಎರಡು ಡಬ್ಬಿ, ಹದಿನಾಲ್ಕು ಮಾತ್ರೆ

"ಇನ್ನೊಂದ್ಸಲ ಹಾಕಪ್ಪ."

"ಸಾರ್, ಆಗ್ಲೇ ಏಳು ಸಲ ಆಯ್ತು."

"ಎಂಟಾಗ್ಲಿ ಬಿಡು. ಏಳಕ್ಕೆ ನಿಲ್ಲಿಸಿ ಯಾರಿಗೇನು ಉಪಕಾರ ಆಗ್ಬೇಕು?"

ರೆಕಾರ್ಡಿಂಗಿನವನು ಆಕಳಿಸುತ್ತ ನಡುವಿನ ಭಾಗಕ್ಕೆ ಸರಿಸಿ ಗುಂಡಿ ಒತ್ತಿದ. ಪತ್ತೇದಾರ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಅಮುಕಿಕೊಂಡು ಕಣ್ಣು ಮುಚ್ಚಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಕಿವಿ ಸಾಹೇಬ್ರು ಎನ್ನುತ್ತಿದ್ದರು. ಹೊಗಳಿಕೆಯೋ ಲೇವಡಿಯೋ ಎಂದು ಯೋಚಿಸುವುದನ್ನು ಅವನು ಎಂದೋ ಬಿಟ್ಟಿದ್ದ.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದಪ್ಪ ಕಾಗದದ ಮೇಲೆ ಬೆರಳು ಸರಿಯುವ ಸದ್ದು. ಆಮೇಲೆ ಸತ್ತವರ ದನಿ.

ಗುರುವಾರ ಮಧ್ಯಾಹ್ನ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವ ಈ ಸಂಸ್ಥೆಯ ಗಾಜಿನ ಕೋಣೆಯೊಳಗೆ, ತಾವೂ ಕಣ್ಣು ಕಾಣದ ಓದುವ ಮೇಷ್ಟರು ಬ್ರೈಲ್ ಹಾಳೆಯ ಮೇಲೆ ಬೆರಳಿಟ್ಟಂತೆಯೇ ಸತ್ತಿದ್ದರು. ಅವರಿಗೆ ಹೊಟ್ಟೆಯ ಹುಳಿಗೂ ಎದೆಯ ಉಬ್ಬಸಕ್ಕೂ ಔಷಧಿ ಕೊಡುತ್ತಿದ್ದ ಅಂಗಡಿಯಾಕೆ ಇವತ್ತು ಬೆಳಗಿನಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಐದು ಗಂಟೆಗೆ ಅವಳನ್ನು ಕೋರ್ಟಿಗೆ ಕಳಿಸುವುದು ಎಂದು ದೊಡ್ಡ ಸಾಹೇಬರು ತೀರ್ಮಾನಿಸಿದ್ದರು.

ಈಗ ಮೂರು ದಾಟಿತ್ತು.

ಪತ್ತೇದಾರನ ಎದೆಯೊಳಗೂ ಹುಳಿ ಏರುತ್ತಿತ್ತು. ಅಂಗಿಯ ಜೇಬಿನಿಂದ ಕಂದು ಬಣ್ಣದ ಪುಟ್ಟ ಲಕೋಟೆ ತೆಗೆದು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ. ಲಕೋಟೆಯ ಮೇಲೆ ಅಂಗಡಿಯಾಕೆಯೇ ಬರೆದದ್ದು: 'ಊಟಕ್ಕೆ ಮೊದಲು. ತಪ್ಪಿಸಬೇಡಿ.' ಹತ್ತು ವರ್ಷದಿಂದ ಅವಳ ಅಂಗಡಿಯ ಗಿರಾಕಿ ಅವನು. "ಕಳ್ಳರು ತಪ್ಪಿಸಿಕೊಂಡ್ರೂ ಪರವಾಗಿಲ್ಲ ಸಾಹೇಬ್ರೇ, ಮಾತ್ರೆ ತಪ್ಪಿಸಿಕೊಳ್ಬಾರದು" ಎಂದು ಪ್ರತಿಸಲ ಗದರುವಳು. ಬೆಳಿಗ್ಗೆ ಬೆಂಚಿನ ಮೇಲೆ ಕೂತಿದ್ದಾಗ ಮಾತ್ರ ಗದರಲಿಲ್ಲ. "ನೀವು ಕಿವಿಗೊಟ್ಟು ಕೇಳ್ತೀರಿ. ಅಷ್ಟು ಸಾಕು" ಎಂದಳು. ಆ ಮಾತು ಅವನ ಹೆಗಲ ಮೇಲೆ ಹಸಿ ಕಂಬಳಿಯಂತೆ ಕೂತಿತ್ತು.

'ಫುಸ್.'

ಮೇಷ್ಟರು ಉಸಿರಿನ ಪಂಪು ಒತ್ತಿಕೊಂಡ ಸದ್ದು. ಪತ್ತೇದಾರ ಕಾಗದದ ಮೇಲೆ ಒಂದು ಗೀಟು ಎಳೆದ. ಹತ್ತು ಗಂಟೆಗೆ ಓದು ಶುರುವಾಗಿ ಹನ್ನೆರಡು ನಲವತ್ತಕ್ಕೆ ದನಿ ನಿಲ್ಲುವವರೆಗೆ ಇಂಥ ಗೀಟುಗಳು ಹದಿನೇಳು. ಮೊದಲ ನಾಲ್ಕು ಬಡಕಲು, ಖಾಲಿಯಾಗುತ್ತ ಬಂದ ಪಂಪಿನ ಸದ್ದು. ಹನ್ನೊಂದರ ಸುಮಾರಿಗೆ ಎರಡು ನಿಮಿಷ ಮುದ್ರಣ ನಿಂತಿದೆ. ಆಮೇಲಿನ ಹದಿಮೂರು ತುಂಬಿದ ಪಂಪಿನವು.

"ಇಲ್ಲಿ ಯಾಕೆ ನಿಂತಿದೆ?"

"ನೀರು ಪಾರು ಕೊಡೋಕೆ ಒಳಗೆ ಹೋಗ್ಬೇಕಾದ್ರೆ ಮೇಷ್ಟ್ರ ತಂಗಿ ನಿಲ್ಲಿಸ್ತಾರೆ ಸಾರ್. ಅವರ ಮೇಜಿನ ಹತ್ರಾನೂ ಒಂದು ಗುಂಡಿ ಇದೆ. ಮೇಷ್ಟ್ರು ಓದ್ತಾರೆ, ತಂಗಿ ಈ ಕಡೆ ಪುಸ್ತಕ ಇಟ್ಕೊಂಡು ತಪ್ಪು ನೋಡ್ತಾರೆ. ನಾನು ಮೆಷಿನ್ ಶುರು ಮಾಡಿ ಮೇಲಿನ ಮಹಡಿಗೆ ಹೋದ್ರೆ ಒಂದು ಗಂಟೆಗೇ ಬರೋದು." ಅವನು ತಲೆ ತಗ್ಗಿಸಿದ. "ಗುರುವಾರಾನೂ ಒಂದಕ್ಕೇ ಬಂದೆ."

ಹನ್ನೊಂದು ಇಪ್ಪತ್ತು. ಒಂದು ಪದ್ಯ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಪ್ಲಾಸ್ಟಿಕ್ ಮುಚ್ಚಳ ತೆರೆದ ಸದ್ದು. ಟಕ್ ಎಂದು ಸೂಜಿ ಚುಚ್ಚಿದ ಸದ್ದು. ಪಂಪು ಉಬ್ಬಸ ಬಂದಾಗಷ್ಟೇ; ಇದು ದಿನಾ ಎರಡು ಸಲ ಮಾತ್ರೆಯೊಳಗಿನ ಪುಡಿಯನ್ನು ಎಳೆದುಕೊಳ್ಳುವ ಇನ್ಹೇಲರ್. ಮೇಷ್ಟರು ಅದಕ್ಕೆ ಮಾತ್ರೆ ಹಾಕಿ ಉದ್ದಕ್ಕೆ ಉಸಿರೆಳೆದರು.

ಕಟಕಟಕಟ.

"ನಿಲ್ಲಿಸು."

ಪತ್ತೇದಾರ ಕಣ್ಣು ತೆರೆದ. ಹಿಂದಿನ ಏಳು ಸಲವೂ ಈ ಸದ್ದು ಅವನ ಕಿವಿಯ ಮುಂದೆ ಹಾದುಹೋಗಿತ್ತು. ದಣಿದ ಕಿವಿಗೆ ಎಲ್ಲ ಸದ್ದೂ ಒಂದೇ.

"ಬೇಸಿಗೆಯಲ್ಲಿ ಓದಿದ ಹಳೇ ಪುಸ್ತಕ ಯಾವುದಾದ್ರೂ ಇದ್ರೆ ಹಾಕು. ಮೇಷ್ಟ್ರು ಇನ್ಹೇಲರ್ ಎಳೆದದ್ದು ಇರ್ಬೇಕು."

ರೆಕಾರ್ಡಿಂಗಿನವನು ತಡಕಾಡಿ ಹುಡುಕಿ ಹಾಕಿದ. ಅದರಲ್ಲಿ ಉಸಿರೆಳೆದಾಗ ಕೇಳಿದ್ದು ಬೇರೆಯೇ. ಗಿರ್ರ್ ಎಂದು, ಬೆಂಕಿಪೊಟ್ಟಣದೊಳಗೆ ದುಂಬಿ ಸುತ್ತಿದಂತೆ, ಒಂದೇ ಎಳೆಯ ಸದ್ದು. ಪುಡಿ ತುಂಬಿದ ಹಗುರ ಮಾತ್ರೆ ಗಾಳಿಗೆ ತಿರುಗುವಾಗ ಹಾಗೆ ಕೇಳಿಸುತ್ತದೆ. ಗುರುವಾರದ್ದು ಕಾಳು ಕುಲುಕಿದ ಸದ್ದು.

ಮೇಷ್ಟರ ಸಾಮಾನುಗಳ ಚೀಲ ಅವನ ಕಾಲಬಳಿಯಲ್ಲೇ ಇತ್ತು. ಶವಪರೀಕ್ಷೆ ಮಾಡಿದ ವೈದ್ಯೆಯ ವರದಿ ಬಂದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಅವನು ಇನ್ಹೇಲರ್ ತೆರೆದ. ಒಳಗೆ ಕೂತಿದ್ದ ಮಾತ್ರೆಗೆ ಎರಡೂ ಕಡೆ ಸೂಜಿತೂತು. ಬೇರ್ಪಡಿಸಿ ಅಂಗೈಗೆ ಸುರಿದ. ಗಸಗಸೆಗಿಂತ ತುಸು ದಪ್ಪನೆಯ ಬಿಳಿ ಕಾಳುಗಳು. ಅವನಿಗೆ ಅವುಗಳ ಪರಿಚಯ ಚೆನ್ನಾಗಿಯೇ ಇತ್ತು. ಹುಳಿ ಮಾತ್ರೆಯ ಕಾಳು.

ಚೀಲದಲ್ಲಿ ಎರಡು ದುಂಡು ಡಬ್ಬಿಗಳಿದ್ದವು, ತದ್ರೂಪು. ವಾರಕ್ಕೆ ಇದರಲ್ಲೂ ಹದಿನಾಲ್ಕು, ಅದರಲ್ಲೂ ಹದಿನಾಲ್ಕು. ಬೆರಳಿಗೆ ಗುರುತು ಸಿಗಲೆಂದು ಒಂದಕ್ಕೆ ರಬ್ಬರ್ ಬ್ಯಾಂಡ್. ಬ್ಯಾಂಡಿದ್ದದ್ದು ಎದೆಗೆ, ಬರಿಯದ್ದು ಹೊಟ್ಟೆಗೆ. ಪತ್ತೇದಾರ ಬ್ಯಾಂಡಿನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಕಿವಿಯ ಬಳಿ ಆಡಿಸಿದ. ಕಟಕಟ. ಬರಿ ಡಬ್ಬಿಯದನ್ನು ಆಡಿಸಿದ. ಮೌನ.

ಅದಲುಬದಲು.

ಅವನು ವೈದ್ಯೆಗೆ ಫೋನು ಮಾಡಿದ.

"ಡಾಕ್ಟರಮ್ಮ, ಹೊಟ್ಟೆ ಮಾತ್ರೆ ಎದೆಗೆ ಹೋಗಿ ಎದೆ ಮಾತ್ರೆ ಹೊಟ್ಟೆಗೆ ಹೋದ್ರೆ ಏನಾಗುತ್ತೆ?"

"ಇದೇನು, ಒಗಟು ಬಿಡಿಸೋ ವಯಸ್ಸಾ ನಂದು?"

"ಬಿಡಿಸಿ ಅಮ್ಮ. ಐದರೊಳಗೆ ಬೇಕು."

ಅತ್ತ ಕಡೆ ಕುರ್ಚಿ ಎಳೆದ ಸದ್ದಾಯಿತು. "ಎದೆಗೆ ಏನೂ ಸಿಗಲ್ಲ. ಆ ಕಾಳು ಇನ್ಹೇಲರ್ ತೂತಿಂದ ಆಚೆ ಬರೋದೇ ಇಲ್ಲ. ಎದೆಯ ಪುಡಿ ನುಂಗಿದ್ರೂ ಅದು ದಂಡ. ಇತ್ತ ಉಬ್ಬಸ ಬಿಗಿಯುತ್ತೆ. ಅತ್ತ ಹುಳಿ ಗಂಟಲಿಗೇರಿ ಕೆಮ್ಮು. ಆಗ ಮನುಷ್ಯ ಏನ್ಮಾಡ್ತಾನೆ? ಪಂಪು ಒತ್ತುತ್ತಾನೆ. ಮತ್ತೆ ಒತ್ತುತ್ತಾನೆ."

"ಹದಿನೇಳು ಸಲ."

ಅತ್ತ ಕಡೆ ಕಾಗದ ತಿರುವಿದ ಸದ್ದು.

"ನಾನು ವರದೀಲಿ ಬರೆದದ್ದು ಸುಳ್ಳಲ್ಲ ನೋಡಿ. ಹುಳಿ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಕೆಲವರಿಗೆ ರಕ್ತದಲ್ಲಿ ಮೆಗ್ನೀಸಿಯಂ ಇಳಿಯುತ್ತೆ. ಮೇಷ್ಟ್ರಿಗೆ ಇಳಿದಿತ್ತು. ಹೋದ ತಿಂಗಳ ರಕ್ತಪರೀಕ್ಷೆ ಚೀಟೀಲೇ ಇದೆ, ಪುಣ್ಯಾತ್ಮರು ಯಾರೂ ಓದ್ಲಿಲ್ಲ. ಪಂಪು ಅತಿಯಾದ್ರೆ ಪೊಟ್ಯಾಸಿಯಂ ಇಳಿಯುತ್ತೆ. ಎರಡೂ ಒಟ್ಟಿಗೆ ಇಳಿದ್ರೆ ಹೃದಯ ತಾಳ ತಪ್ಪುತ್ತೆ. ಒಂದೊಂದೇ ಆದ್ರೆ ತಡ್ಕೊಳ್ತಿದ್ರೋ ಏನೋ. ಎರಡು ಔಷಧಿ ಕಾದಾಡಿದ್ದು ನಿಜ ಸಾಹೇಬ್ರೇ. ಅವನ್ನ ಅಖಾಡಕ್ಕೆ ಇಳಿಸಿದ್ದು ಯಾರು ಅಂತ ಹೇಳೋಕೆ ನನ್ನ ಹತ್ರ ಯಂತ್ರ ಇಲ್ಲ."

ಅಂಗಡಿಯಾಕೆಯ ಮೇಲಿದ್ದ ಆರೋಪ ಇದೇ. ಹಳೆಯ ಚೀಟಿಯ ಮೇಲೆ ಮೂರು ವರ್ಷ ಹುಳಿ ಮಾತ್ರೆ ಕೊಟ್ಟಳು, ಎದೆಯ ಔಷಧಿಯ ಜತೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರನ್ನೂ ಕೇಳಲಿಲ್ಲ, ಮನುಷ್ಯ ಸತ್ತ.

ಆದರೆ ಡಬ್ಬಿ ಅದಲುಬದಲಾಗದಿದ್ದರೆ ಹದಿನೇಳು ಗೀಟು ಬೀಳುತ್ತಿರಲಿಲ್ಲ. ಪತ್ತೇದಾರ ಬ್ಯಾಂಡನ್ನು ಬೆಳಕಿಗೆ ಹಿಡಿದ. ತೆಳ್ಳಗಿನ ಕೆಂಪು ಬ್ಯಾಂಡು. ಬೆಳಗಿನ ಹೇಳಿಕೆಯಲ್ಲಿ ಅಂಗಡಿಯಾಕೆ ಒಂದು ಮಾತು ಹೇಳಿದ್ದಳು: ಸೋಮವಾರ ಡಬ್ಬಿ ತುಂಬುವಾಗ ಹಳೆಯ ಬ್ಯಾಂಡ್ ತುಂಡಾಯಿತು, ಅಂಗಡಿಯಲ್ಲಿ ಬೇರೆ ಇರಲಿಲ್ಲ, ಬರಿ ಡಬ್ಬಿಗಳನ್ನೇ ಮೇಷ್ಟರ ತಂಗಿಯ ಕೈಗೆ ಕೊಟ್ಟೆ.

ತಪ್ಪು ನೋಡುವ ಮೇಜಿನ ಮೇಲೆ, ಬ್ರೈಲ್ ಹಾಳೆಗಳನ್ನು ಕಟ್ಟಲು, ಒಂದು ಬಟ್ಟಲು ತುಂಬ ತೆಳ್ಳಗಿನ ಕೆಂಪು ಬ್ಯಾಂಡುಗಳಿದ್ದವು.

ಆ ಮೇಜಿನಲ್ಲಿ ಕೂರುವವಳು ಮೇಷ್ಟರ ತಂಗಿ. ಮದುವೆಯಾಗದೆ ಅಣ್ಣನ ಜತೆಯೇ ಉಳಿದವಳು. ಅವನ ಅನ್ನ, ನೀರು, ಔಷಧಿ ಎಲ್ಲ ಅವಳ ಕೈಯದೇ.

ಪತ್ತೇದಾರ ದೊಡ್ಡ ಸಾಹೇಬರಿಗೆ ಫೋನು ಮಾಡಿದ. "ಸಾರ್, ಆ ಅಂಗಡಿಯಾಕೇದು ತಪ್ಪಿಲ್ಲ."

"ಬರೆದು ಕೊಡ್ತೀಯಾ?"

"ಐದರೊಳಗೆ ಕೊಡ್ತೀನಿ."

"ನಿನ್ನ ಕಿವಿ ಮೇಲೆ ನಂಬಿಕೆ ಇದೆ ಕಣಯ್ಯ. ನಿನ್ನ ಬರವಣಿಗೆ ಮೇಲೆ ಇಲ್ಲ. ಬೇಗ ಬರಿ."

*

ಮೇಷ್ಟರ ತಂಗಿಯನ್ನು ನಾಲ್ಕಕ್ಕೆ ಬರಹೇಳಿದ್ದ. ಇನ್ನೂ ಹತ್ತು ನಿಮಿಷ ಉಳಿದಿತ್ತು. ಕಾಳು ಕುಲುಕಿದ ಮೇಲೆ ಮೇಷ್ಟರು ಏನು ಮಾಡಿದರು ಎಂದು ಅವನು ಮತ್ತೆ ಕೇಳಿದ.

ಕೂಗಲಿಲ್ಲ, ಏಳಲಿಲ್ಲ. ಮಾತ್ರೆಯನ್ನು ಹೊರತೆಗೆದು ಕಿವಿಯ ಹತ್ತಿರ ಆಡಿಸಿದ ಹಾಗೆ ಮತ್ತೊಮ್ಮೆ ಕಟಕಟ. ಮತ್ತೆ ಅದನ್ನು ಇದ್ದಲ್ಲೇ ಇಟ್ಟು ಮುಚ್ಚಳ ಹಾಕಿದ ಟಕ್. ಆಮೇಲೆ ಹಾಳೆಯ ಮೇಲೆ ಬೆರಳು, ಮುಂದಿನ ಪದ್ಯ. ಹಳೆಯ ಭಕ್ತಿಕಾವ್ಯ. ಉಬ್ಬಸದ ನಡುವೆಯೂ ದನಿ ಅಳತೆ ಬಿಟ್ಟಿರಲಿಲ್ಲ.

ಗಾಳಿ ಬಂದಿತು ಬಾಗಿಲಲ್ಲಿಗೆ
ಬಾಳು ನಡುಗಿತು ದೀಪದಂದದಿ
ಕೇಳು ತಂಗೀ ಗುರುತು ತಪ್ಪಿದೆ
ತಾಳ ತಪ್ಪದೆ ನಡೆವ ಲೋಕದ ನಾಡಿ ಹಿಡಿದವನೇ

ಪತ್ತೇದಾರನ ಹೆಬ್ಬೆರಳು ತಾನಾಗಿ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡತೊಡಗಿತು. ಅವನ ಸೋದರತ್ತೆ ಪಾತ್ರೆ ಉಜ್ಜುವಾಗಲೂ ಇಂಥವನ್ನೇ ಹೇಳಿಕೊಳ್ಳುತ್ತಿದ್ದಳು. ಎಣಿಸುವುದನ್ನು ಅವನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದ.

"ಏನ್ ಸಾರ್ ಎಣಿಸ್ತಿದ್ದೀರಾ?"

"ಮಾತ್ರೆ."

"ಡಬ್ಬಿ ಅಲ್ಲಿದೆಯಲ್ಲ ಸಾರ್."

"ಆ ಮಾತ್ರೆ ಅಲ್ಲಯ್ಯ. ಪದ್ಯದ ಮಾತ್ರೆ. ಶಾಲೇಲಿ ಷಟ್ಪದಿ ಓದಿದ್ದೀಯಾ?"

"ಓದಿದ್ದೆ. ಅದರಲ್ಲೇ ಫೇಲಾಗಿದ್ದು."

"ಆರು ಸಾಲು. ಒಂದು, ಎರಡು ಗಿಡ್ಡ. ಮೂರನೇದು ಉದ್ದ. ಮತ್ತೆ ಎರಡು ಗಿಡ್ಡ, ಆರನೇದು ಉದ್ದ. ಗಿಡ್ಡ ಸಾಲಿಗೆ ಹದಿನಾಲ್ಕು ಮಾತ್ರೆ. ಇಲ್ಲಿ ನೋಡು, ಮೂರನೇ ಸಾಲೂ ಹದಿನಾಲ್ಕೇ. ಉದ್ದ ಇರಬೇಕಾದ ಕಡೆ ಗಿಡ್ಡ ಇದೆ."

ಅವನು ತಪ್ಪು ನೋಡುವ ಮೇಜಿನ ಮೇಲಿದ್ದ ಅಚ್ಚಿನ ಪುಸ್ತಕ ತೆರೆದ. ಪದ್ಯ ಸಿಕ್ಕಿತು. ಗಾಳಿ ಬಂದಿತು, ಬಾಳು ನಡುಗಿತು, ತಾಳ ತಪ್ಪದೆ. 'ಕೇಳು ತಂಗೀ' ಎಂಬ ಸಾಲು ಅಲ್ಲಿ ಇರಲೇ ಇಲ್ಲ.

ಮೇಷ್ಟರು ನಡುವೆ ಸೇರಿಸಿದ್ದರು. ಪ್ರಾಸ ಕೆಡದಂತೆ, ನಡೆ ಕೆಡದಂತೆ, ಉಸಿರು ಸಿಕ್ಕದ ಎದೆಯಿಂದ ಅಳೆದು ಹೊರತೆಗೆದ ಒಂದು ಸಾಲು. ಗಾಜಿನಾಚೆ ಕೂತು ಕೇಳುತ್ತಿದ್ದವಳಿಗೆ. ಗುರುತು ತಪ್ಪಿದೆ.

ಪಕ್ಕದಲ್ಲಿ ತಪ್ಪು ಬರೆಯುವ ವಹಿ ಇತ್ತು. ಆ ಪುಟದ ಎದುರಿಗೆ ನೀಲಿ ಶಾಯಿಯಲ್ಲಿ ಒಂದೇ ಪದ: 'ತಪ್ಪಿಲ್ಲ.'

ಪತ್ತೇದಾರ ವಹಿ ಮುಚ್ಚಿ ಕೈಗಳಿಂದ ಮುಖ ಉಜ್ಜಿಕೊಂಡ. ಕೆಲವು ಕೇಸುಗಳಲ್ಲಿ ಉತ್ತರ ಸಿಕ್ಕರೂ ಖುಷಿಯಾಗುವುದಿಲ್ಲ. ಭಾರ ಒಂದು ಹೆಗಲಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ.

*

ಅವಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಐವತ್ತು ದಾಟಿದ ಹೆಂಗಸು. ಕುರ್ಚಿಯಲ್ಲಿ ಕೂರುವಾಗ ಅಭ್ಯಾಸಬಲದಿಂದ ಗಾಜಿನಾಚೆ ನೋಡಿದಳು. ಅಲ್ಲಿ ಖಾಲಿ ಮೇಜು, ಮೈಕು, ಬ್ರೈಲ್ ಹಾಳೆಗಳ ಕಟ್ಟು. ರೆಕಾರ್ಡಿಂಗಿನವನು ಬಾಗಿಲೆಳೆದುಕೊಂಡು ಹೊರಗೆ ಹೋದ.

"ನಿದ್ದೆ ಮಾಡಿದ್ರಾ ಅಮ್ಮ?"

"ಮಾಡ್ತಾನೇ ಇದ್ದೀನಿ. ಅಣ್ಣ ಹೋದಾಗಿಂದ ಅದೊಂದೇ ಕೆಲಸ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಹನ್ನೊಂದು ವರ್ಷದ ಬಾಕಿ ನಿದ್ದೆ. ಆಗೆಲ್ಲ ಅವನು ಕೆಮ್ಮಿದ್ರೆ ಏಳ್ಬೇಕು. ಈಗ ಕೆಮ್ಮು ಕೇಳಿಸ್ಲಿಲ್ಲ ಅಂತ ಎಚ್ಚರ ಆಗುತ್ತೆ."

ಪತ್ತೇದಾರ ಕೆಂಪು ಬ್ಯಾಂಡನ್ನು ಮೇಜಿನ ಮೇಲಿಟ್ಟ.

"ಇದು ನೀವು ಹಾಕಿದ್ದಾ?"

"ಹೌದು."

ಅಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ತಪ್ಪು ಡಬ್ಬಿಗೆ ಹಾಕಿದ್ರಿ."

ಅವಳು ಅವನ ಮುಖ ನೋಡಿದಳು, ಬ್ಯಾಂಡು ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಅವನು ಎರಡೂ ಮಾತ್ರೆಗಳನ್ನು ಅವಳ ಕಿವಿಯ ಬಳಿ ಒಂದೊಂದಾಗಿ ಆಡಿಸಿದ. ಒಂದು ಕಟಕಟ, ಒಂದು ಮೌನ. ಬಣ್ಣ ಇಳಿಯುವುದು ಎಂದರೇನೆಂದು ಅವಳ ಮುಖದಲ್ಲಿ ಕಂಡಿತು.

"ಅಂದ್ರೆ ನಾಲ್ಕು ದಿನ ಅವನು..."

"ಉಸಿರಿನ ಔಷಧಿ ನುಂಗಿದ್ರು. ಹೊಟ್ಟೆ ಔಷಧೀನ ಉಸಿರಾಗಿ ಎಳೆದ್ರು."

"ಗೊತ್ತಾಗ್ಲಿಲ್ವಾ ಅವನಿಗೆ? ಇರುವೆ ನಡೆದ್ರೂ ಕೇಳಿಸ್ತಿತ್ತು ಅಣ್ಣನಿಗೆ!"

"ಮನೇಲಿ ಹೇಗೆ ಕೇಳಿಸ್ಬೇಕು? ನಿಮ್ಮ ಮನೆ ಕೆಳಗೆ ತಗಡಿನ ಕಾರ್ಖಾನೆ. ಬೆಳಿಗ್ಗೆ ಏಳಕ್ಕೆ ಬಡಿಯೋಕೆ ಶುರು ಮಾಡಿದ್ರೆ ರಾತ್ರಿವರೆಗೂ ಬಡೀತಾರೆ. ಗುರುವಾರ ಏನಾಯ್ತು? ಮನೇಲಿ ಎಳೀಲಿಲ್ವಾ?"

"ತಡವಾಗಿತ್ತು. ಬಸ್ಸು ಹೋಗುತ್ತೆ ಅಂತ ನಾನೇ ಅವಸರ ಮಾಡಿದೆ. ಅಲ್ಲೇ ಎಳೀತೀನಿ ಬಿಡು ಅಂದ."

"ಇಲ್ಲಿ ಎಳೆದ್ರು. ಈ ಕೋಣೇಲಿ ಬೇರೆ ಸದ್ದೇ ಇಲ್ಲ. ಮೊದಲನೇ ಸಲ ಕೇಳಿಸ್ತು. ಕೇಳಿಸಿದ್ದೇ ತಡ ನಿಮಗೆ ಹೇಳಿದ್ರು."

"ನನಗಾ?"

ಅವನು ಹೆಡ್‌ಫೋನನ್ನು ಅವಳ ತಲೆಗೆ ತೊಡಿಸಿ ಗುಂಡಿ ಒತ್ತಿದ. ಅಣ್ಣನ ದನಿ ಕಿವಿಗೆ ಬಿದ್ದ ಕೂಡಲೇ ಅವಳ ಕೈ ಬಾಯಿಗೆ ಹೋಯಿತು. ಮೂರನೇ ಸಾಲಿಗೆ ಬಂದಾಗ ಆ ಕೈ ಹಾಗೇ ನಿಂತಿತು.

"ಅಣ್ಣನ ಜತೆ ಅದೇ ಮನೇಲಿ, ಅದೇ ಪದ್ಯ ಕೇಳ್ತಾ ಬೆಳೆದವರು ನೀವು" ಎಂದ ಪತ್ತೇದಾರ. ದನಿ ಏರಿಸಲು ಅವನಲ್ಲಿ ಶಕ್ತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಮೂರನೇ ಸಾಲು ಗಿಡ್ಡ ಆದ್ರೆ ನಿದ್ದೇಲಿ ಇದ್ರೂ ನಿಮಗೆ ಗೊತ್ತಾಗುತ್ತೆ. ಗುರುತು ತಪ್ಪಿದೆ ಅಂತ ಅಣ್ಣ ಹೇಳ್ತಿದ್ದಾರೆ. ಆಮೇಲೂ ಒಂದೂ ಕಾಲು ಗಂಟೆ ಬದುಕಿದ್ರು. ನೀವು ಗಾಜಿನ ಈಚೆ ಕೂತು 'ತಪ್ಪಿಲ್ಲ' ಅಂತ ಬರೆದ್ರಿ."

"ಅವನು ಸಾಯ್ಲಿ ಅಂತ ಒಂದು ದಿನ ಅನ್ನಿಸಿದ್ದು ಹೌದು" ಎಂದಳು ಅವಳು ಮೆಲ್ಲಗೆ. "ಮಾರನೇ ದಿನ ದೇವರ ಮುಂದೆ ಕಪಾಳ ಬಡ್ಕೊಂಡೆ. ಅದನ್ನ ಬರ್ಕೊಳ್ಳಿ ಬೇಕಾದ್ರೆ. ಇದನ್ನ ಬರ್ಕೋಬೇಡಿ. ಈ ಸಾಲು ನಾನು ಈಗಲೇ ಕೇಳ್ತಿರೋದು."

"ಕುರ್ಚೀಲಿ ಇದ್ದದ್ದು ನೀವು."

"ಇರ್ಲಿಲ್ಲ."

ಅವಳು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹಿಂದಿನ ರಾತ್ರಿ ಇಬ್ರೂ ಕಣ್ಣು ಮುಚ್ಚಿರ್ಲಿಲ್ಲ ಸಾರ್, ಅಷ್ಟು ಉಬ್ಬಸ. ಇಲ್ಲಿಗೆ ಬಂದ್ರೂ ಪುಸ್ತಕದ ಅಕ್ಷರ ಎರಡೆರಡು ಕಾಣ್ತಿತ್ತು. ಪುಸ್ತಕ ಇಡೋ ಕೋಣೇಲಿ ಹೋಗಿ ಮಲಗಿಬಿಟ್ಟೆ. ಒಂದು ಗಂಟೆಗೆ ರೆಕಾರ್ಡಿಂಗಿನವರು ಕೂಗಿದಾಗ್ಲೇ ಎಚ್ಚರ. ಅಣ್ಣ ಸಾಯ್ತಿದ್ದಾಗ ತಂಗಿ ಗೊರಕೆ ಹೊಡೀತಿದ್ಲು ಅಂತ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ನಿಮ್ಮ ಹತ್ರ ಬಾಯಿಬಿಡ್ಲಿಲ್ಲ."

"ಹಾಗಾದ್ರೆ ಈ 'ತಪ್ಪಿಲ್ಲ' ಬರೆದದ್ದು ಯಾರು?"

"ನಾನು ಅಕ್ಷರ ಬರೆಯೋದೇ ಇಲ್ಲ ಇದರಲ್ಲಿ. ಸರಿ ಇದ್ರೆ ಬರೀ ಗೀಟು. ತೆಗೆದು ನೋಡಿ."

ಅವನು ವಹಿಯ ಹಿಂದಿನ ಪುಟಗಳನ್ನು ತಿರುವಿದ. ಗೀಟು, ಗೀಟು, ಗೀಟು. ಒಂದು ವರ್ಷದ ಗೀಟುಗಳು. ಆ ಒಂದು ಪುಟಕ್ಕೆ ಮಾತ್ರ ಪದ. ಅಷ್ಟು ಬೋಳಾಗಿ ಕಣ್ಣೆದುರಿಗಿದ್ದರೂ ಅವನು ಕಂಡಿರಲಿಲ್ಲ. ಕಿವಿಯನ್ನೇ ನಂಬಿ ಕಣ್ಣಿಗೆ ರಜೆ ಕೊಟ್ಟಿದ್ದ.

"ಮತ್ತೆ ಇನ್ನೊಂದು" ಎಂದಳು ಅವಳು. "ಅಣ್ಣ ಪದ್ಯದ ನಡುವೆ ಹೀಗೆ ಏನಾದ್ರೂ ತೂರಿಸೋದು ಇದ್ದದ್ದೇ. ತಮಾಷೆ ಅವನಿಗೆ. 'ಕೇಳು ಪುಟ್ಟೀ ನೀರು ಬೇಕಿದೆ' ಅನ್ನೋನು. ನಾನು ಮುದ್ರಣ ನಿಲ್ಲಿಸಿ, ನಗ್ತಾ ನೀರು ತಗೊಂಡು ಹೋಗ್ತಿದ್ದೆ. ಐವತ್ತೆರಡು ವರ್ಷ ಆಯ್ತು ನನಗೆ. ಹುಟ್ಟಿದಾಗಿಂದ ಅಣ್ಣ ನನ್ನ ಕರೆದದ್ದು ಪುಟ್ಟಿ ಅಂತ. ಒಂದು ದಿನ, ಒಂದೇ ಒಂದು ದಿನಾನೂ, ತಂಗಿ ಅಂತ ಕರೆದವನಲ್ಲ."

ಪತ್ತೇದಾರನ ಹೆಬ್ಬೆರಳು ಮತ್ತೆ ಗೆಣ್ಣಿನ ಮೇಲೆ ಓಡಿತು. ಪುಟ್ಟೀ, ನಾಲ್ಕು ಮಾತ್ರೆ. ತಂಗೀ, ನಾಲ್ಕು ಮಾತ್ರೆ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಕೂರಿಸಿದರೆ ಪದ್ಯಕ್ಕೆ ಗೊತ್ತೇ ಆಗುವುದಿಲ್ಲ. ಊರೆಲ್ಲ ಈಕೆಯನ್ನು ಮೇಷ್ಟರ ತಂಗಿ ಎನ್ನುತ್ತಿತ್ತು. ಅವನೂ ಹಾಗೆಯೇ ಅಂದುಕೊಂಡ. ಮೇಷ್ಟರು ಏನೆನ್ನುತ್ತಿದ್ದರು ಎಂದು ಕೇಳಲೇ ಇಲ್ಲ.

"ಅವರು ಯಾರನ್ನ ತಂಗಿ ಅಂತಿದ್ರು?"

ಅವಳು ಇನ್ನೂ ಅದರ ಅರ್ಥಕ್ಕೆ ತಲುಪಿರಲಿಲ್ಲ. ಸಾವಧಾನವಾಗಿ, ನೆನಪು ಮಾಡಿಕೊಳ್ಳುವವಳಂತೆ ಹೇಳಿದಳು.

"ಒಬ್ಬರನ್ನೇ. ಔಷಧಿ ಅಂಗಡಿಯವರನ್ನ. ಅವರು ಇವನನ್ನ ಅಣ್ಣ ಅನ್ನೋರು, ಇವನು ತಂಗಿ ಅನ್ನೋನು. ಗುರುವಾರ ಹನ್ನೊಂದಕ್ಕೆ ಹಿತ್ತಲ ಬಾಗಿಲಿಂದ ಬಂದಿದ್ರು. ಪಂಪು ಖಾಲಿಯಾಗಿದೆ ಅಂತ ಬೆಳಿಗ್ಗೆ ನಾನೇ ಹೇಳಿಕಳಿಸಿದ್ದೆ, ಹೊಸದು ತಂದ್ರು. ಒಳಗೆ ಹೋಗಿ ಅಣ್ಣನ ಕೈಗೆ ಅವರೇ ಕೊಟ್ರು. ನನ್ನ ಮುಖ ನೋಡಿ, ಏನವ್ವಾ ಹೀಗಾಗಿದ್ದೀಯ, ಹೋಗಿ ಒರಗಿಕೋ, ಇದೊಂದು ಗಂಟೆ ನಾನು ಕೂತು ನೋಡ್ತೀನಿ, ಅಣ್ಣನಿಗೂ ಹೇಳಿದ್ದೀನಿ, ಅಂದ್ರು. ಪುಣ್ಯಾತ್ಗಿತ್ತಿ. ಅವರನ್ನ ಹಿಡ್ಕೊಂಡು ಹೋದ್ರಲ್ಲ ಅಂತ ನನಗೆ..."

"ಸೋಮವಾರ ಬ್ಯಾಂಡು ಯಾವ ಡಬ್ಬಿಗೆ ಹಾಕ್ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಈ ಸಲ ಎರಡೂ ಬೇರೆ ಕಂಪನೀದು, ಬಣ್ಣ ಬದಲಾಗಿದೆ, ಗಾಬರಿ ಆಗ್ಬೇಡ ಅಂದ್ರು. ಯಾವುದು ಎದೇದು ಅಂತ ಕೇಳ್ದೆ. ಅವರೇ ತೋರಿಸಿದ್ರು."

ಪತ್ತೇದಾರ ಅಂಗಿಯ ಜೇಬಿನಿಂದ ಕಂದು ಲಕೋಟೆ ತೆಗೆದ. ಮಡಿಕೆ ಬಿಡಿಸಿ ವಹಿಯ ಪಕ್ಕದಲ್ಲಿಟ್ಟ.

ತಪ್ಪಿಸಬೇಡಿ. ತಪ್ಪಿಲ್ಲ.

ಎರಡರಲ್ಲೂ ತಕಾರದ ಹೊಟ್ಟೆ ಒಂದೇ ಥರ ಉಬ್ಬಿತ್ತು. ಎರಡರಲ್ಲೂ ಪಕಾರದ ಒತ್ತು ಸಾಲಿನಿಂದ ಕೆಳಗಿಳಿದು, ಮೀನಿನ ಗಾಳದಂತೆ ಎಡಕ್ಕೆ ಬಾಗಿತ್ತು. ಹತ್ತು ವರ್ಷ, ದಿನಕ್ಕೆರಡು ಸಲ ಕೈಗೆತ್ತಿಕೊಳ್ಳುವ ಆ ಗಾಳವನ್ನು ಅವನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

ಕೈ ತಪ್ಪಿ ಆದದ್ದೋ, ಬೇಕೆಂದೇ ಆದದ್ದೋ. ಅದು ಸೋಮವಾರದ ಪ್ರಶ್ನೆ. ಗುರುವಾರ ಹನ್ನೊಂದು ಇಪ್ಪತ್ತಕ್ಕೆ ಅಂಥ ಪ್ರಶ್ನೆಯೇ ಇರಲಿಲ್ಲ. ಅಣ್ಣ ಎನಿಸಿಕೊಂಡವನು ಗಾಜಿನಾಚೆಯಿಂದ ಅಂಗಡಿಯಾಕೆಗೇ, ಅವಳ ಹೆಸರಿನ ಜಾಗದಲ್ಲಿ ಆ ಪ್ರೀತಿಯ ಪದ ಇಟ್ಟು ಹೇಳಿದ್ದ. ಕೇಳಿಸಿಕೊಂಡ ಮೇಲೆ ಅವಳು ಪೆನ್ನು ಎತ್ತಿಕೊಂಡಿದ್ದಳು.

ಅವನು ಫೋನು ತೆಗೆದ. ದೊಡ್ಡ ಸಾಹೇಬರ ಸಂಖ್ಯೆ ಒತ್ತಿದ.

"ಸಾರ್, ಆಕೇನ ಕೋರ್ಟಿಗೆ..."

"ಕೋರ್ಟು ಯಾಕಯ್ಯಾ?" ದೊಡ್ಡ ಸಾಹೇಬರ ದನಿ ಹಗುರಾಗಿತ್ತು. "ನೀನೇ ಹೇಳಿದ್ಯಲ್ಲ, ತಪ್ಪಿಲ್ಲ ಅಂತ. ಪಾಪ, ಬೆಳಗಿಂದ ಕೂತಿದ್ಲು. ಅರ್ಧ ಗಂಟೆ ಆಯ್ತು ಬಿಟ್ಟು."

ಬಾಗಿಲು ಅರ್ಧ ತೆರೆಯಿತು. ರೆಕಾರ್ಡಿಂಗಿನವನು ತಲೆ ಒಳಗೆ ಹಾಕಿದ. ಅವನ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಸಲ ಒಂದು ನಗು ಇತ್ತು.

"ಸಾರ್, ಔಷಧಿ ಅಂಗಡಿ ಅಕ್ಕ ಬಂದಿದ್ದಾರೆ, ಬಿಟ್ಟುಬಿಟ್ರಂತೆ. ನಿಮಗೆ ಕೈ ಮುಗಿದು ಹೋಗ್ಬೇಕು ಅಂತಿದ್ದಾರೆ." ಅವನು ಹಿಂದಕ್ಕೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ. "ಆಮೇಲೆ ಮೇಷ್ಟ್ರ ಆ ಎರಡು ಡಬ್ಬಿ ವಾಪಸ್ ಸಿಗುತ್ತಾ ಅಂತ ಕೇಳ್ತಿದ್ದಾರೆ."